ಬಂದವರ ಮುಂದೆ ಹಾಡು ನಿಂತುಹೋದ ಬಗ್ಗೆ ಜರ್ಮನ್ ಟೀಚರಿಗೊಂದು ದೂರು

ಕಾರ್ಲ್ಸ್‌ರುಹೆಯಲ್ಲಿ ಎಂಟನೆಯ ತರಗತಿಗೆ ಜರ್ಮನ್ ಕಲಿಸುವವರೂ, ಕೆಂಪು ಶಾಯಿಯ ಒಡತಿಯೂ, ನಮ್ಮ ಮನೆಯ ಸದ್ಯದ ಪರಿಸ್ಥಿತಿಗೆ ಮೂಲಪುರುಷರೂ ಆದ ಶ್ರೀಮತಿ ಬ್ರೆಟ್‌ಶ್ನೈಡರ್ ಅವರ ಸನ್ನಿಧಿಗೆ,

ಮಾನ್ಯರೇ,

ಮೂಲತಃ ಗದಗ ಜಿಲ್ಲೆಯ ನರಗುಂದದವನೂ, ಸದ್ಯ ಇಲ್ಲಿನ ಒಂದು ಕಾರಿನ ಬಿಡಿಭಾಗಗಳ ಕಂಪನಿಯಲ್ಲಿ ಬ್ರೇಕುಗಳನ್ನು ಪರೀಕ್ಷಿಸುವ ಎಂಜಿನಿಯರೂ, ತಮ್ಮ ವಿದ್ಯಾರ್ಥಿನಿ ಕುಮಾರಿ ಗಗನಾಳ ಜನ್ಮದಾತನೂ ಆದ ಸಿದ್ದಲಿಂಗೇಶನು ಎರಡೂ ಕೈ ಜೋಡಿಸಿ, ಬೆನ್ನು ಸಾಧ್ಯವಾದಷ್ಟು ಬಗ್ಗಿಸಿ ಮಾಡುವ ನಮಸ್ಕಾರಗಳು. ತಾವು, ತಮ್ಮ ಯಜಮಾನರು, ತಮ್ಮ ಸೈಕಲ್ಲು, ತಮ್ಮ ಕೆಂಪು ಪೆನ್ನು ಎಲ್ಲವೂ ಕ್ಷೇಮವೆಂದು ನಂಬಿದ್ದೇನೆ. ನಾನು ಕ್ಷೇಮವಾಗಿಲ್ಲ. ಎಂಥ ವೇಗದಲ್ಲಿ ಬರುವ ವಾಹನವನ್ನಾದರೂ ನಿಲ್ಲಿಸಬಲ್ಲೆನೆಂದು ಸಂಬಳ ಪಡೆಯುವ ನನಗೆ, ತಾವು ಚಾಲೂ ಮಾಡಿ ಬಿಟ್ಟ ಹದಿಮೂರು ವರ್ಷದ ಹುಡುಗಿಯನ್ನು ನಿಲ್ಲಿಸಲು ಆಗುತ್ತಿಲ್ಲ ಎಂಬುದೇ ಈ ಪತ್ರದ ಒಟ್ಟು ಸಾರಾಂಶ.

ಇದನ್ನು ಕನ್ನಡದಲ್ಲಿ ಬರೆಯುತ್ತಿರುವುದಕ್ಕೆ ಮೊದಲೇ ಕ್ಷಮೆ ಕೇಳುತ್ತೇನೆ. ನನ್ನ ಜರ್ಮನ್ ಭಾಷೆ ಬೇಕರಿಯಲ್ಲಿ ಬ್ರೆಡ್ಡು ಕೊಳ್ಳುವಷ್ಟು, ಟ್ರಾಮಿನಲ್ಲಿ ಟಿಕೆಟ್ಟು ತೋರಿಸುವಷ್ಟು ಮತ್ತು ಕಟ್ಟಡ ನೋಡಿಕೊಳ್ಳುವ ಹೌಸ್‌ಮೈಸ್ಟರ್ ಬೈದಾಗ ತಪ್ಪೊಪ್ಪಿಕೊಳ್ಳುವಷ್ಟು ಇದೆ. ತಿರುಗಿ ಬೈಯುವಷ್ಟು ಇಲ್ಲ. ದೂರು ಕೊಡಲು ಮನುಷ್ಯನಿಗೆ ತನ್ನ ಭಾಷೆಯೇ ಬೇಕು. ಹಾಗಾಗಿ ಕನ್ನಡದ ಪ್ರತಿಯನ್ನು ನಮ್ಮ ಕನ್ನಡ ಬಳಗದ ವಾರ್ತಾಪತ್ರದಲ್ಲಿ ಎಲ್ಲರೂ ಓದುವಂತೆ ಬಹಿರಂಗವಾಗಿ ಅಚ್ಚು ಹಾಕಿಸುತ್ತಿದ್ದೇನೆ. ತಮಗೆ ತಲುಪಬೇಕಾದ ಜರ್ಮನ್ ಪ್ರತಿಯನ್ನು ಸಿದ್ಧಪಡಿಸುವ ಕೆಲಸವನ್ನು, ಮನೆಯಲ್ಲಿ ಬೇರೆ ಯಾರಿಗೂ ಆ ಯೋಗ್ಯತೆ ಇಲ್ಲದ ಕಾರಣ, ಆರೋಪಿಯಾದ ಗಗನಾಳಿಗೇ ವಹಿಸಲಾಗಿದೆ. ನ್ಯಾಯಾಲಯಗಳಲ್ಲಿ ಹೀಗೆ ನಡೆಯುವುದಿಲ್ಲವೆಂದು ನನಗೂ ಗೊತ್ತು.

ತಪ್ಪು ನನ್ನಿಂದಲೇ ಶುರುವಾಯಿತು ಎಂದು ತಾವು ವಾದಿಸಬಹುದು. ಕಳೆದ ವರ್ಷದ ಪಾಲಕರ ಸಭೆಯ ಸಂಜೆ ತಾವು ನನ್ನನ್ನು ಪಕ್ಕಕ್ಕೆ ಕರೆದು, ಗಗನಾ ಬರೆಯುವುದರಲ್ಲಿ ಜಾಣೆ, ಆದರೆ ತರಗತಿಯಲ್ಲಿ ಬಾಯಿ ಬಿಡುವುದಿಲ್ಲ, ತನ್ನ ಅಭಿಪ್ರಾಯವನ್ನು ಹೇಳುವುದೇ ಇಲ್ಲ ಎಂದು ಬಹಳ ಕಳಕಳಿಯಿಂದ ಹೇಳಿದಿರಿ. ಅದಕ್ಕೆ ನಾನು, ಮೇಡಂ, ಇನ್ನು ಮುಂದೆ ಆಕೆ ನಿಮ್ಮ ಮಗಳೇ ಎಂದು ತಿಳಿದುಕೊಳ್ಳಿ, ನೀವು ಏನು ಮಾಡಿದರೂ ನಮ್ಮ ಒಪ್ಪಿಗೆ ಇದೆ, ಹೇಗಾದರೂ ಮಾಡಿ ಅವಳ ಬಾಯಿ ಬಿಡಿಸಿ ಎಂದೆ. ನಮ್ಮ ಕಡೆ ಮಾಸ್ತರರ ಮುಂದೆ ಪಾಲಕರು ಹೀಗೆ ಹೇಳುವುದು ವಾಡಿಕೆ. ಮಾಸ್ತರರು ತಲೆಯಾಡಿಸಿ, ನಾವು ಮನೆ ಮುಟ್ಟುವುದರೊಳಗೆ ಅದನ್ನು ಮರೆತುಬಿಡುವುದು ಅದಕ್ಕಿಂತ ಹಳೆಯ ವಾಡಿಕೆ. ತಾವು ಮರೆಯಲಿಲ್ಲ. ಇಷ್ಟು ವರ್ಷ ಈ ದೇಶದಲ್ಲಿದ್ದೂ, ಇಲ್ಲಿ ಉಪಚಾರಕ್ಕೆ ಆಡಿದ ಮಾತನ್ನು ಕೂಡ ಜನ ಕೆಲಸಕ್ಕೆ ಹಚ್ಚುತ್ತಾರೆ ಎಂಬುದು ನನ್ನ ಗಮನಕ್ಕೆ ಬಂದಿರಲಿಲ್ಲ.

ಈ ಸೆಪ್ಟೆಂಬರಿನಲ್ಲಿ ತಾವು ಮಕ್ಕಳಿಗೆ ಅಭಿಪ್ರಾಯ ಲೇಖನ ಬರೆಯುವುದನ್ನು ಕಲಿಸಿದಿರಿ. ಅದರ ಕ್ರಮ ನನಗೆ ಈಗ ಬಾಯಿಪಾಠ ಆಗಿದೆ. ಮೊದಲು ನಿನ್ನ ನಿಲುವನ್ನು ಒಂದೇ ವಾಕ್ಯದಲ್ಲಿ ಹೇಳು, ಕಾರಣ ಕೊಡು, ಉದಾಹರಣೆ ಕೊಡು, ಎದುರಾಳಿಯ ಅತ್ಯಂತ ಬಲವಾದ ಆಕ್ಷೇಪವನ್ನು ನೀನೇ ಮುಂದಿಟ್ಟು, ಅದಕ್ಕೆ ಮರ್ಯಾದೆಯಿಂದ ಉತ್ತರಿಸು, ಕೊನೆಗೆ ಏನು ಮಾಡಬೇಕೆಂದು ಸ್ಪಷ್ಟವಾಗಿ ಕೇಳು. ಇಷ್ಟಕ್ಕೇ ನಿಲ್ಲಿಸಿದ್ದರೆ ಅಡ್ಡಿಯಿರಲಿಲ್ಲ. ತಾವು ಮುಂದುವರಿದು, ವಿಷಯ ನಿಮ್ಮ ಮನಸ್ಸಿಗೆ ಹತ್ತಿರವಾದದ್ದಿರಬೇಕು ಮತ್ತು ಅದನ್ನು ಬದಲಿಸುವ ಅಧಿಕಾರ ಯಾರಿಗಿದೆಯೋ ಅವರನ್ನೇ ಉದ್ದೇಶಿಸಿ ಬರೆಯಬೇಕು ಎಂದಿರಿ. ತರಗತಿಯ ಉಳಿದ ಮಕ್ಕಳು ಸೈಕಲ್ ದಾರಿಯ ಬಗ್ಗೆ ಮೇಯರಿಗೆ, ಕ್ಯಾಂಟೀನಿನ ಪ್ಲಾಸ್ಟಿಕ್ ಚಮಚದ ಬಗ್ಗೆ ಹೆಡ್‌ಮಾಸ್ಟರಿಗೆ, ಧ್ರುವ ಪ್ರದೇಶದ ಕರಡಿಯ ಬಗ್ಗೆ ಯಾರಿಗೋ ಬರೆದರಂತೆ. ನಮ್ಮ ಮಗಳು ನನಗೆ ಬರೆದಳು. ಲೇಖನದ ಶೀರ್ಷಿಕೆ: 'ಮನೆಗೆ ಬಂದವರ ಮುಂದೆ ಮಕ್ಕಳನ್ನು ಹಾಡಿಸುವುದು ನಿಲ್ಲಬೇಕು'.

ಈ ಪದ್ಧತಿಯ ಬಗ್ಗೆ ತಮಗೆ ತಿಳಿದಿರಲಾರದು, ಆದ್ದರಿಂದ ಎರಡು ಮಾತು. ನಮ್ಮಲ್ಲಿ ಮನೆಗೆ ಯಾರಾದರೂ ಬಂದರೆ ಮೊದಲು ನೀರು ಕೊಡುತ್ತೇವೆ, ಕೊನೆಗೆ ಚಹಾ ಕೊಡುತ್ತೇವೆ, ಈ ಎರಡರ ನಡುವೆ ಮನೆಯ ಮಗುವನ್ನು ಕೋಣೆಯಿಂದ ಹೊರಗೆ ಕರೆದು, ಗೋಡೆಗೆ ಬೆನ್ನು ಕೊಟ್ಟು ನಿಲ್ಲಿಸಿ ಒಂದು ಹಾಡು ಹೇಳಿಸುತ್ತೇವೆ. ಮಗು ಮೊದಲು ಒಲ್ಲೆ ಎನ್ನಬೇಕು, ತಾಯಿ ಕಣ್ಣು ಬಿಡಬೇಕು, ತಂದೆ 'ನಿನ್ನೆ ಎಷ್ಟು ಛಂದ ಹಾಡಿದ್ದಿ' ಎನ್ನಬೇಕು, ಬಂದವರು ಕೈಯಲ್ಲಿನ ತಿಂಡಿ ಹಾಗೇ ಹಿಡಿದುಕೊಂಡು ಕೇಳಬೇಕು. ಹಾಡು ಮುಗಿದ ಮೇಲೆ ಎಲ್ಲರೂ ಸೇರಿ 'ಭಾರೀ ಛಂದ ಹಾಡ್ತಾಳ್ರಿ' ಎನ್ನಬೇಕು. ಇದರಲ್ಲಿ ಯಾರಿಗೂ ಯಾವ ಆಯ್ಕೆಯೂ ಇಲ್ಲದ್ದರಿಂದಲೇ ಇದು ಇಷ್ಟು ಸುಗಮವಾಗಿ ನಡೆದುಕೊಂಡು ಬಂದಿದೆ. ಗಗನಾ ತೊದಲುವ ಕಾಲದಿಂದಲೂ ದೇವರ ಮೇಲಿನ ಅದೇ ಒಂದು ಪದವನ್ನು, ಅದೇ ಸೋಫಾದ ಪಕ್ಕದಲ್ಲಿ, ಅದೇ ರಾಗದಲ್ಲಿ ಹಾಡುತ್ತಿದ್ದಳು. ಅವಳಿಗೆ ಅಭಿಪ್ರಾಯ ಇದೆ ಎಂದು ನಮಗೆ ಯಾರಿಗೂ ಅನಿಸಿರಲಿಲ್ಲ.

ಇನ್ನೊಂದು ನೋವಿನ ಸಂಗತಿಯನ್ನೂ ತಮ್ಮ ಗಮನಕ್ಕೆ ತರಬೇಕು. ಲೇಖನದ ವಿಷಯ ಏನೆಂದು ತಿಳಿಯುವ ಮುನ್ನ ಅದಕ್ಕೆ ಸಹಾಯ ಮಾಡಿದವನು ನಾನೇ. ಒಂದು ಸಂಜೆ ಅವಳು ಬಂದು, ಮನೆಯ ಒಂದು ಪದ್ಧತಿಯನ್ನು ನಿಲ್ಲಿಸಬೇಕೆಂದರೆ ದೊಡ್ಡವರು ಹಾಕಬಹುದಾದ ಅತ್ಯಂತ ಬಲವಾದ ಆಕ್ಷೇಪ ಯಾವುದು ಎಂದು ಕೇಳಿದಳು. ಮಗಳು ತಂದೆಯ ಬುದ್ಧಿಯನ್ನು ಕೇಳುವ ಸಂದರ್ಭ ವರ್ಷಕ್ಕೊಮ್ಮೆ ಬರುವುದರಿಂದ ನಾನು ಉಬ್ಬಿಹೋಗಿ, ಕಾಲಮೇಲೆ ಕಾಲು ಹಾಕಿಕೊಂಡು, 'ಮಂದಿ ಏನಂತಾರ?' ಎಂಬ ನಮ್ಮ ಕಡೆಯ ಬ್ರಹ್ಮಾಸ್ತ್ರವನ್ನು ಅವಳ ಕೈಗೆ ಕೊಟ್ಟೆ. ನಮ್ಮ ತಂದೆ ಈ ಒಂದು ಮಾತಿನಿಂದ ನನ್ನ ಕೂದಲಿನ ಉದ್ದ, ಪ್ಯಾಂಟಿನ ಅಗಲ, ಕಾಲೇಜು ಮತ್ತು ಮದುವೆಯನ್ನು ನಿರ್ಧರಿಸಿದ್ದರು. ಅದಕ್ಕೆ ಉತ್ತರ ಇರಬಹುದು ಎಂಬ ಯೋಚನೆಯೇ ನಮ್ಮ ವಂಶದಲ್ಲಿ ಯಾರಿಗೂ ಬಂದಿರಲಿಲ್ಲ.

ತಮಗೆ ಬಂತು. ಲೇಖನದ ಅಂಚಿನಲ್ಲಿ, ಆ ವಾಕ್ಯದ ಪಕ್ಕ, ತಾವು ಕೆಂಪು ಶಾಯಿಯಲ್ಲಿ ಬರೆದದ್ದನ್ನು ಗಗನಾ ನನಗೆ ಓದಿ ಹೇಳಿದಳು: 'ಈ ಮಂದಿ ಯಾರು? ಅವರನ್ನು ಕೇಳಿದ್ದೀಯಾ?'

ಮಾನ್ಯರೇ, ಅವಳು ಕೇಳಿದಳು. ನಮ್ಮ ಮನೆಗೆ ಶನಿವಾರ ಶನಿವಾರ ಬರುವವರೆಂದರೆ ನನ್ನ ಕಂಪನಿಯ ಸಹೋದ್ಯೋಗಿ, ಬಾಗಲಕೋಟೆ ಕಡೆಯ ಬಾಳಪ್ಪ ಮತ್ತು ಅವರ ಹೆಂಡತಿ ಅಂಬವ್ವ. ಇನ್ನೊಂದು ಜೋಡಿ, ದಿನಾ ರೈಲಿನಲ್ಲಿ ಮ್ಯಾನ್‌ಹೈಮ್ ಕಡೆಯ ಸಾಫ್ಟ್‌ವೇರ್ ಕೆಲಸಕ್ಕೆ ಹೋಗಿಬರುವ ಮೈಸೂರಿನ ಉದಯಕುಮಾರ ಮತ್ತು ಶ್ರೀದೇವಿ. ನಾನು ಅಡಿಗೆಮನೆಯಲ್ಲಿ ಫ್ಯಾನು ಜೋರು ಮಾಡಿಕೊಂಡು, ಇವರಿಗಾಗಿಯೇ, ಬೆವರು ಸುರಿಸುತ್ತ ಮಿರ್ಚಿ ಭಜಿ ಕರಿಯುತ್ತಿದ್ದಾಗ, ಅವಳು ಹಾಲಿನಲ್ಲಿ ಒಬ್ಬೊಬ್ಬರನ್ನೇ ವಿಚಾರಿಸಿದಳು. ಅವರು ಕೊಟ್ಟ ಹೇಳಿಕೆಗಳನ್ನಷ್ಟೇ ಅವರು ಆಡಿದ ಹಾಗೆ ಕನ್ನಡದಲ್ಲಿ ಬರೆದಿದ್ದಳು; ಅವನ್ನು ಜರ್ಮನ್ ಲೇಖನದ ಎರಡನೆಯ ಕರಡಿನಲ್ಲಿ, ನಮ್ಮ ಫ್ರಿಜ್ಜಿನ ಬಾಗಿಲ ಮೇಲೆ, ಕಾರ್ಲ್ಸ್‌ರುಹೆ ಅರಮನೆಯ ಚಿತ್ರವಿರುವ ಮ್ಯಾಗ್ನೆಟ್ಟಿನ ಕೆಳಗೆ ನಾನು ಓದಿಕೊಂಡೆ.

ಬಾಳಪ್ಪ ಅಂದದ್ದು: 'ಖರೇ ಹೇಳ್ಲೇನು ಯವ್ವಾ, ನಿನ್ನ ಹಾಡಿಗೆ ಏನೂ ಅನ್ನಂಗಿಲ್ಲ. ಆದ್ರ ಅದು ಮುಗಿಯೂತನಕ ಕೈಯಾಗಿನ ಭಜಿ ತಿನ್ನಾಕೂ ಬರಂಗಿಲ್ಲ, ಇಡಾಕೂ ಬರಂಗಿಲ್ಲ, ಆರಿ ಹೋಕ್ಕಾವು.' ಅಂಬವ್ವ ಅಂದದ್ದು: 'ನಾ ಕಣ್ಣು ಮುಚ್ಚಿ ತಲಿ ಆಡಸ್ತೀನಲ್ಲ, ಅದು ಭಕ್ತಿ ಅಲ್ಲವ್ವಾ, ವಾರದ ನಿದ್ದಿ.' ಉದಯಕುಮಾರ ಅಂದದ್ದು: 'ಬೇಜಾರ್ ಮಾಡ್ಕೋಬೇಡ ಪುಟ್ಟಾ, ನಿಂಗೆ ಹಾಲುಹಲ್ಲಿದ್ದಾಗಿಂದ ಅದೇ ಹಾಡು ಕೇಳ್ತಿದೀನಿ, ಆಫೀಸ್ ಮೀಟಿಂಗಲ್ಲಿ ಸುಮ್ನೆ ಕೂತಿದ್ರೂ ಬಾಯಿಗೆ ಅದೇ ಬರುತ್ತೆ.' ಎಲ್ಲಕ್ಕಿಂತ ದೊಡ್ಡ ಪೆಟ್ಟು ಕೊಟ್ಟವರು ಶ್ರೀದೇವಿ. ಅವರ ಮಗ ತೇಜಸ್ವಿಯ ಕೀಬೋರ್ಡನ್ನು ನಾವು ವರ್ಷಗಟ್ಟಲೆ, ಮುಖದ ಮೇಲೆ ನಗು ಇಟ್ಟುಕೊಂಡು ಕೇಳಿಸಿಕೊಂಡಿದ್ದೇವೆ. ಅವರು ಅಂದದ್ದು: 'ನಿಮ್ಮಪ್ಪ ನಿಲ್ಸಿದ್ರೆ ನಾವೂ ತೇಜಸ್ವಿ ಕೀಬೋರ್ಡ್ ನಿಲ್ಲಿಸ್ತೀವಮ್ಮ. ಯಾರಾದ್ರೂ ಒಬ್ರು ಶುರು ಮಾಡ್ಬೇಕಲ್ಲ.'

ಇವರೇ ನನ್ನ ಮಂದಿ. ಇವರು ಏನೆನ್ನುತ್ತಾರೋ ಎಂದು ಹೆದರಿ ನಾನು ಒಗೆದ ಚಡ್ಡಿಗಳನ್ನು ಬಾಲ್ಕನಿಯ ಒಳಭಾಗದಲ್ಲಿ ಒಣಗಿಸುತ್ತ ಬಂದವನು. ಪ್ರತಿ ಶನಿವಾರ 'ಭಾರೀ ಛಂದ' ಎಂದು ಹೇಳಿದ ಬಾಯಿಗಳಿಂದ ತಮ್ಮ ಒಂದೇ ಒಂದು ಕೆಂಪು ಪ್ರಶ್ನೆ ಸತ್ಯವನ್ನು ಹೊರಡಿಸಿತಲ್ಲ, ಇದಕ್ಕಾಗಿ ತಮ್ಮನ್ನು ಎಷ್ಟು ಹೊಗಳಿದರೂ ಕಡಿಮೆ. ನಮ್ಮ ದೇಶದ ಆಯೋಗಗಳಿಗೆ ವರ್ಷಗಟ್ಟಲೆ ಕೂತರೂ ಆಗದ ಕೆಲಸವನ್ನು ತಾವು ಹೋಮ್‌ವರ್ಕಿನಲ್ಲಿ ಮುಗಿಸಿದಿರಿ.

ಆಗ ನಾನು ಒಂದು ಉಪಾಯ ಮಾಡಿದೆ. ಗಗನಾ ಮನೆಯಲ್ಲಿ ಮಾತಾಡುವುದು ಜರ್ಮನ್. ಅವಳಮ್ಮ ಸೌಭಾಗ್ಯ ಅಕ್ಷರ ಕಲಿಸಿದ್ದಾಳೆ, ನಾವು ಆಡಿದ್ದು ಅವಳಿಗೆ ಅರ್ಥವಾಗುತ್ತದೆ, ಆದರೆ ನಾವು ಕನ್ನಡದಲ್ಲಿ ಕರೆದರೆ ಒಳಗಿನಿಂದ ಬರುವ ಉತ್ತರ 'ಗ್ಲೈಶ್' ಎಂಬುದೊಂದೇ. ಈಗ ಬಂದೆ ಎಂದು ಅದರ ಅರ್ಥ. ಬರುವುದಿಲ್ಲ ಎಂದು ಅದರ ಬಳಕೆ. ಆದ್ದರಿಂದ ನಾನು ಫ್ರಿಜ್ಜಿನ ಮೇಲಿನ ಹಾಳೆಯನ್ನು ಕಿತ್ತು, 'ಕನ್ನಡದಾಗ ಬರದ್ರ ಅಷ್ಟ ಲೆಕ್ಕಕ್ಕ ತಗೋತೀನಿ' ಎಂದು ಘೋಷಿಸಿದೆ. ಬೇಸತ್ತು ಬಿಟ್ಟುಬಿಡುತ್ತಾಳೆ ಎಂಬುದು ನನ್ನ ಎಣಿಕೆ. ಅವಳು ಬಿಡಲಿಲ್ಲ. ಶಾಲೆಯಿಂದ ಬಂದವಳೇ ನರಗುಂದದಲ್ಲಿರುವ ನಮ್ಮವ್ವ ಗಂಗವ್ವನಿಗೆ ವಿಡಿಯೊ ಕರೆ ಮಾಡಿ, ಇದಕ್ಕೆ ಕನ್ನಡದಲ್ಲಿ ಏನಂತಾರ, ಅದಕ್ಕೆ ಏನಂತಾರ ಎಂದು ಒಂದೊಂದೇ ಶಬ್ದ ಕೇಳಿ ಬರೆಯತೊಡಗಿದಳು. ಅಜ್ಜಿಗೆ ಹೊತ್ತು ಹೋಗತೊಡಗಿತು, ನನ್ನ ವಿರುದ್ಧದ ಪ್ರಕರಣ ಬಲಗೊಳ್ಳತೊಡಗಿತು.

ನನ್ನ ಬಳಿ ಉಳಿದಿದ್ದ ಕೊನೆಯ ವಾದವೆಂದರೆ ಸಂಪ್ರದಾಯ. ನಾನೂ ಚಿಕ್ಕವನಿದ್ದಾಗ ನಮ್ಮಪ್ಪ ಕರೆದಾಗಲೆಲ್ಲ ಪಡಸಾಲೆಗೆ ಬಂದು, ಕೈಕಟ್ಟಿ ನಿಂತು, ಊರ ಲೆಕ್ಕ ಬರೆಯುವ ತಲಾಟಿಯಿಂದ ಹಿಡಿದು ಬೀಗರವರೆಗೆ ಎಲ್ಲರ ಮುಂದೆ ಹಾಡಿದವನು, ಇದು ನಮ್ಮ ಮನೆತನದ ಸಂಸ್ಕಾರ ಎಂದು ಗಂಭೀರವಾಗಿ ಹೇಳಿದೆ. ಗಗನಾ ಮೊಬೈಲನ್ನು ನನ್ನ ಕಡೆ ತಿರುಗಿಸಿದಳು. ಪರದೆಯ ತುಂಬ ನಮ್ಮವ್ವ. 'ಅಯ್ಯ, ಸಂಸ್ಕಾರ ಎಲ್ಲೀದು ತಗಿ,' ಎಂದಳು ಆ ಮಹಾತಾಯಿ ಮೊಮ್ಮಗಳಿಗೆ. 'ನಿಮ್ಮ ಮುತ್ಯಾಗ ಮಂದಿ ಬಂದು ತಾಸಗಟ್ಲೆ ಕುಂದ್ರೂದು ಸೇರತಿರಲಿಲ್ಲ. ಬಂದಾವ್ರು ಲಗೂನ ಏಳ್ಲಿ ಅಂತ ನಿಮ್ಮಪ್ಪನ್ನ ಹಾಡಸ್ತಿದ್ರು. ಚಾ ಸೈತ ಕುಡೀದ ಎದ್ದು ಹೋದಾವ್ರು ಅದಾರ.'

ಮಾನ್ಯರೇ, ನನ್ನ ಬಾಲ್ಯದ ಏಕೈಕ ಕಲಾಸಾಧನೆ ಇಂಥ ಕೆಲಸಕ್ಕೆ ಬಳಕೆಯಾಗಿತ್ತೆಂದು ಈ ವಯಸ್ಸಿನಲ್ಲಿ, ಪರದೇಶದಲ್ಲಿ, ಹೆಂಡತಿ ಮಗಳ ಎದುರಿಗೆ ತಿಳಿಯಬೇಕಾಗಿ ಬಂತು. ಸೌಭಾಗ್ಯ ನಕ್ಕು ನಕ್ಕು ಸೋಫಾದ ಮೇಲೆ ಒರಗಿಕೊಂಡಳು. ಆಕೆಯೂ ಈಗ ತಮ್ಮ ಶಿಷ್ಯೆಯೇ ಆಗಿದ್ದಾಳೆ. ಸಾರಿಗೆ ಉಪ್ಪು ಕಡಿಮೆಯಾಗಿದೆ ಎಂದರೆ 'ಯಾವುದಕ್ಕ ಹೋಲಿಸಿ?' ಎನ್ನುತ್ತಾಳೆ, ನೀನು ಯಾವಾಗಲೂ ತಡಮಾಡುತ್ತೀ ಎಂದರೆ 'ಒಂದು ಉದಾಹರಣಿ ಕೊಡ್ರಿ' ಎನ್ನುತ್ತಾಳೆ. ಇಷ್ಟು ವರ್ಷ ಈ ಮನೆಯಲ್ಲಿ ಉದಾಹರಣೆಯಿಲ್ಲದೆ ಸಂಸಾರ ನಡೆದಿತ್ತು.

ಇದನ್ನೆಲ್ಲ ನಾಲ್ಕು ಗೋಡೆಗಳ ನಡುವೆ ಸಹಿಸಿಕೊಳ್ಳಬಹುದಿತ್ತು. ಆದರೆ ನಾನು ಬಳಗದ ಸಾಂಸ್ಕೃತಿಕ ಕಾರ್ಯದರ್ಶಿ. ನವೆಂಬರಿನ ರಾಜ್ಯೋತ್ಸವದ ಕರೆಯೋಲೆಯನ್ನು ಆಗಲೇ ಅಚ್ಚು ಹಾಕಿಸಿ, ಹ್ಯಾನೋವರಿನಿಂದ ಬರುವ ಮುಖ್ಯ ಅತಿಥಿಗೂ ಕಳಿಸಿಯಾಗಿತ್ತು. ಅದರ ಮೊದಲ ಸಾಲಿನಲ್ಲಿ, ಎಲ್ಲರಿಗಿಂತ ದಪ್ಪ ಅಕ್ಷರದಲ್ಲಿ, ಪ್ರಾರ್ಥನೆ: ಕುಮಾರಿ ಗಗನಾ ಸಿದ್ದಲಿಂಗೇಶ ಎಂದಿತ್ತು. ಅವಳನ್ನು ಕೇಳಿರಲಿಲ್ಲ, ಕೇಳುವ ಪದ್ಧತಿ ಇಲ್ಲ. ಅವಳ ಲೇಖನದ ಕೊನೆಯ ಸಾಲಿನಲ್ಲಿ, ತಾವು ಹೇಳಿಕೊಟ್ಟಂತೆ, ಸ್ಪಷ್ಟವಾದ ಬೇಡಿಕೆ ಇತ್ತು: 'ಹಾಡು ಯಾರಿಗೆ ಬೇಕೋ ಅವರು ಹಾಡಲಿ.' ಮಗಳು ಒಲ್ಲೆ ಎಂದಳೆಂದು ಇಡೀ ಸಭೆಯ ಮುಂದೆ ಹೇಳುವುದಕ್ಕಿಂತ ನಾನು ಬ್ರೇಕಿಲ್ಲದ ಕಾರಿನಲ್ಲಿ ಹೈವೇ ಹತ್ತಲು ತಯಾರಿದ್ದೆ.

ಆದ ಕಾರಣ ನಾನೂ ಬರೆಯಲು ಕೂತೆ. ನಮ್ಮ ಶಾಲೆಯಲ್ಲಿ ನಮಗೆ ಪ್ರಬಂಧ ಕಲಿಸಿದ್ದರು: ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ. ಯಾವ ವಿಷಯ ಕೊಟ್ಟರೂ ಮೊದಲು ಅನುಕೂಲಗಳನ್ನು, ಆಮೇಲೆ ಅಷ್ಟೇ ಅನಾನುಕೂಲಗಳನ್ನು ಬರೆದು, ಕೊನೆಗೆ ನಾವೆಲ್ಲರೂ ಇದನ್ನು ಅರಿತು ನಡೆಯಬೇಕು ಎಂದು ಮುಗಿಸಿದರೆ ಒಳ್ಳೆಯ ಅಂಕ ಬರುತ್ತಿತ್ತು. ಬರೆದವನ ಅಭಿಪ್ರಾಯ ಏನೆಂದು ಯಾರಿಗೂ ಗೊತ್ತಾಗದಿದ್ದರೆ ಅದನ್ನು ಪ್ರಾರ್ಥನೆಯ ಹೊತ್ತಿನಲ್ಲಿ ಓದಿಸುತ್ತಿದ್ದರು. ನನ್ನ ಪ್ರಬಂಧಗಳನ್ನು ಎಷ್ಟೋ ಸಲ ಓದಿಸಿದ್ದರು. ಅದೇ ಧೈರ್ಯದಲ್ಲಿ 'ಬಾಲಗಾಯನದ ಮಹತ್ವ' ಎಂಬ ಪ್ರಬಂಧವನ್ನು ಬರೆದು ಫ್ರಿಜ್ಜಿಗೆ ಅಂಟಿಸಿದೆ.

ಮರುದಿನ ಅದು ತಿದ್ದಿಕೊಂಡು ಸಿದ್ಧವಾಗಿತ್ತು. ಕೆಂಪು ಪೆನ್ನು ಅವಳಿಗೆ ಎಲ್ಲಿಂದ ಸಿಕ್ಕಿತೋ, ತಾವೇ ಕೊಟ್ಟಿರಬಹುದೆಂದು ಅನುಮಾನ. 'ಅನಾದಿ ಕಾಲದಿಂದಲೂ' ಎಂಬುದರ ಪಕ್ಕ 'ಯಾವ ವರ್ಷದಿಂದ?' ಎಂದಿತ್ತು. 'ಎಲ್ಲರಿಗೂ ತಿಳಿದಿರುವಂತೆ' ಎಂಬುದರ ಪಕ್ಕ 'ನನಗೆ ತಿಳಿದಿಲ್ಲ' ಎಂದಿತ್ತು. ಸಭಾಕಂಪನ ಹೋಗುತ್ತದೆ ಎಂಬ ನನ್ನ ವಾದಕ್ಕೆ ಉದಾಹರಣೆಯಾಗಿ ನನ್ನನ್ನೇ ಕೊಟ್ಟಿದ್ದೆ. ಅದರ ಪಕ್ಕ 'ಹೌಸ್‌ಮೈಸ್ಟರ್ ಬಂದಾಗ ಬಚ್ಚಲುಮನೆಗೆ ಹೋಗುವವರು ಯಾರು?' ಎಂದಿತ್ತು. ಅಂಕ ನಾಲ್ಕು. ಈ ದೇಶದಲ್ಲಿ ಒಂದು ಎಂದರೆ ಉತ್ತಮ, ಆರು ಎಂದರೆ ಸರ್ವನಾಶ ಎಂಬುದು ನರಗುಂದಕ್ಕೆ ಇನ್ನೂ ತಲುಪಿಲ್ಲದ ಕಾರಣ, ನಮ್ಮವ್ವ ಮಾತ್ರ ಮಗನಿಗೆ ನಾಲ್ಕು ಬಂದಿದೆ, ಮೊಮ್ಮಗಳ ಲೇಖನಕ್ಕೆ ಶಾಲೆಯಲ್ಲಿ ಬಂದದ್ದು ಬರೀ ಒಂದು ಎಂದು ಓಣಿಯಲ್ಲಿ ಹೇಳಿಕೊಂಡು ಬಂದಳು. ಇಡೀ ಪ್ರಕರಣದಲ್ಲಿ ನನಗೆ ಸಿಕ್ಕ ಗೌರವ ಅಷ್ಟೇ.

ಇಲ್ಲಿಗೆ ನನ್ನ ದೂರು ಮುಗಿದು ಬೇಡಿಕೆಗಳು ಆರಂಭವಾಗುತ್ತವೆ. ಈ ದೇಶದಲ್ಲಿ ಕೊಂಡ ಮಿಕ್ಸರ್ ಕೆಟ್ಟರೆ ಅಂಗಡಿಯವರು ಎರಡು ಮಾತಾಡದೆ ವಾಪಸು ತೆಗೆದುಕೊಳ್ಳುತ್ತಾರೆ. ಮಗಳಿಗೆ ಕಲಿಸಿದ ವಿದ್ಯೆ ಅತಿಯಾಗಿ ಚೆನ್ನಾಗಿ ಕೆಲಸ ಮಾಡುತ್ತಿದ್ದರೆ ಅದನ್ನು ವಾಪಸು ತೆಗೆದುಕೊಳ್ಳುವ ಕೌಂಟರು ತಮ್ಮ ಶಾಲೆಯ ಯಾವ ಮಹಡಿಯಲ್ಲಿದೆ ಎಂದು ದಯವಿಟ್ಟು ತಿಳಿಸಬೇಕು. ಅದು ಸಾಧ್ಯವಿಲ್ಲದಿದ್ದರೆ, ಮುಂದಿನ ಸೆಮಿಸ್ಟರಿನಲ್ಲಿ ಉತ್ತರ ಗೊತ್ತಿದ್ದೂ ಸುಮ್ಮನಿರುವುದು ಹೇಗೆ ಎಂಬ ವಿಷಯವನ್ನು ಪಠ್ಯಕ್ಕೆ ಸೇರಿಸಿ, ಅದಕ್ಕೂ ಅಂಕ ಕೊಡಬೇಕು. ಕಲಿಸಲು ಜನ ಸಿಗದಿದ್ದರೆ ನಾನು ಸಂಬಳವಿಲ್ಲದೆ ಬರುತ್ತೇನೆ. ಇನ್ನು ಮುಂದೆ ಮನಸ್ಸಿಗೆ ಹತ್ತಿರವಾದ ವಿಷಯಗಳನ್ನು ಬಿಟ್ಟು, ಕನಿಷ್ಠ ಒಂದು ಟ್ರಾಮು ದೂರದ ವಿಷಯಗಳನ್ನು ಮಾತ್ರ ಬರೆಸಬೇಕೆಂದೂ, ಧ್ರುವದ ಕರಡಿಯನ್ನು ನಮ್ಮ ಮನೆಯ ಹೆಸರಿಗೆ ಕಾಯಂ ಆಗಿ ಬರೆದುಕೊಡಬೇಕೆಂದೂ ಕೋರುತ್ತೇನೆ. ಕರಡಿಯ ಪರವಾಗಿ ಅವಳು ಎಷ್ಟು ಬೇಕಾದರೂ ವಾದಿಸಲಿ, ಅದು ಶನಿವಾರ ಭಜಿ ತಿನ್ನಲು ಬರುವುದಿಲ್ಲ.

ಇಷ್ಟು ಬರೆದು ಸಹಿ ಹಾಕಿಬಿಡಬಹುದಿತ್ತು. ಆದರೆ ನನ್ನ ಪ್ರಬಂಧದ ಕೊನೆಯಲ್ಲಿ, ಅಂಕದ ಕೆಳಗೆ, ಅವಳು ಇನ್ನೂ ಒಂದು ಸಾಲು ಬರೆದಿದ್ದಳು. ಅಜ್ಜಿಯಿಂದ ಕಲಿತ ಕನ್ನಡ, ಅಕ್ಷರ ಸ್ವಲ್ಪ ವಾಲಿದ್ದವು: 'ಅಪ್ಪಾ, ಇದು ನಿಮ್ಮ ಖರೇ ಕಾರಣ ಅಲ್ಲ. ಮತ್ತ ಬರೀರಿ.'

ನನಗೆ ಸಿಟ್ಟು ಬಂತು. ಎರಡು ದಿನ ಅವಳ ಜೊತೆ ಮಾತು ಬಿಟ್ಟೆ, ಅದು ಅವಳ ಗಮನಕ್ಕೆ ಬಂದಂತೆ ಕಾಣಲಿಲ್ಲ. ಮೂರನೆಯ ದಿನ ಕೆಲಸದಿಂದ ಬರುವಾಗ ಟ್ರಾಮಿನಲ್ಲಿ ಕೂತು, ಪೀಠಿಕೆ ಇಲ್ಲದೆ, ಉಪಸಂಹಾರ ಇಲ್ಲದೆ ಬರೆದೆ. ನಿನ್ನ ಹಾಡು ಛಂದ ಇದೆಯೋ ಇಲ್ಲವೋ ನನಗೆ ಗೊತ್ತಿಲ್ಲ, ನನಗೆ ಸಂಗೀತ ತಿಳಿಯುವುದಿಲ್ಲ. ನೀನು ಜರ್ಮನ್‌ನಲ್ಲಿ ನಗುವುದು, ಗೆಳತಿಯರ ಜೊತೆ ಜಗಳಾಡುವುದು ನನಗೆ ಗೋಡೆಯಾಚೆಯಿಂದ ಕೇಳಿಸುತ್ತದೆ, ಅರ್ಧ ತಿಳಿಯುತ್ತದೆ. ಇಡೀ ವಾರದಲ್ಲಿ ನಿನ್ನ ದನಿಯಲ್ಲಿ ಕನ್ನಡ ಕೇಳುವುದು ಆ ಹಾಡಿನಲ್ಲಿ ಒಂದೇ. ಬಂದವರು ನೆಪ. ಅದು ನಿಂತರೆ ನಮ್ಮ ಮನೆಯಲ್ಲಿ ನಿನಗೂ ನನಗೂ ಒಂದು ಭಾಷೆ ಇರುವುದಿಲ್ಲ ಎಂದು ನನಗೆ ಹೆದರಿಕೆ. ಇಷ್ಟು ಬರೆದದ್ದನ್ನು ಫ್ರಿಜ್ಜಿಗೆ ಅಂಟಿಸಲು ನಾಚಿಕೆಯಾಗಿ, ಅವಳ ಕೋಣೆಯ ಬಾಗಿಲ ಸಂದಿಯಿಂದ ಒಳಗೆ ಸರಿಸಿ, ತಿರುಗಿ ನೋಡದೆ ಬಂದುಬಿಟ್ಟೆ.

ಅಂಕ ಬರಲಿಲ್ಲ. ಕೆಂಪು ಗೆರೆಯೂ ಬರಲಿಲ್ಲ. ಮಾರನೆಯ ಬೆಳಿಗ್ಗೆ ತಿಂಡಿಗೆ ಕೂತಾಗ ಅವಳು ತಟ್ಟೆಯಿಂದ ತಲೆ ಎತ್ತದೆ, 'ಅಪ್ಪಾ, ಆ ಶೇಂಗಾಚಟ್ನಿ ಈಕಡೆ ಕೊಡ್ರಿ' ಎಂದಳು. ನಾನು ಕೊಟ್ಟೆ. ಸೌಭಾಗ್ಯ ನನ್ನ ಮುಖ ನೋಡಿದಳು. ಆಗ ನನಗೆ ಹೊಳೆದದ್ದೇನೆಂದರೆ, ಈ ಜಗಳ ಶುರುವಾದಾಗಿನಿಂದ ಅವಳು ದಿನವೂ ಅಜ್ಜಿಯ ಜೊತೆ, ಬಾಳಪ್ಪನ ಜೊತೆ, ನನ್ನ ಜೊತೆ ಕನ್ನಡದಲ್ಲೇ ಹೊಡೆದಾಡುತ್ತಿದ್ದಳು. ಹುಟ್ಟಿದಾಗಿನಿಂದ ಈ ಮನೆಯಲ್ಲಿ ಅವಳು ಆಡದಷ್ಟು ಕನ್ನಡವನ್ನು ಈ ಒಂದು ಶರದೃತುವಿನಲ್ಲಿ ಆಡಿದ್ದಳು, ಅದೆಲ್ಲವೂ ನನ್ನ ವಿರುದ್ಧವಾಗಿ. ನನಗೆ ಅದು ಕೇಳಿಸಿಯೇ ಇರಲಿಲ್ಲ; ನಾನು ಹಾಡಿಗಾಗಿ ಕಾಯುತ್ತಿದ್ದೆ.

ರಾಜ್ಯೋತ್ಸವದಲ್ಲಿ ಅವಳು ಹಾಡಲಿಲ್ಲ. ವೇದಿಕೆ ಹತ್ತಿ, ಮೈಕು ತನ್ನ ಎತ್ತರಕ್ಕೆ ಇಳಿಸಿಕೊಂಡು, ಮನೆಗೆ ಬಂದವರ ಮುಂದೆ ಮಕ್ಕಳನ್ನು ಹಾಡಿಸುವುದು ಯಾಕೆ ನಿಲ್ಲಬೇಕು ಎಂಬ ಲೇಖನವನ್ನು ಕನ್ನಡದಲ್ಲಿ ಓದಿದಳು. ನಡುನಡುವೆ ತಡವರಿಸಿದಳು, ಕ್ರಿಯಾಪದವನ್ನು ಜರ್ಮನ್‌ನಂತೆ ಎಲ್ಲೆಲ್ಲೋ ಇಟ್ಟಳು, ಗಂಗವ್ವನ ಪಕ್ಕಾ ನರಗುಂದದ ಶಬ್ದಗಳು ಬಂದಾಗ ಮೈಸೂರಿನವರು ಮುಖ ಮುಖ ನೋಡಿಕೊಂಡರು. ಹಿಂದಿನ ಸಾಲುಗಳಲ್ಲಿದ್ದ ಮಕ್ಕಳು, ಅರ್ಧದಷ್ಟು ಅರ್ಥವಾಗದವರೂ ಸೇರಿ, ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅವರ ಅಪ್ಪಂದಿರೆಲ್ಲ ನನ್ನ ಕಡೆ ನೋಡಿದರು. ತೇಜಸ್ವಿ ಅಂದೇ ಕೀಬೋರ್ಡನ್ನು ಮಾರಾಟಕ್ಕೆ ಹಾಕಿದನೆಂದು ಆಮೇಲೆ ತಿಳಿಯಿತು.

ಪ್ರಾರ್ಥನೆಯನ್ನು ನಾನೇ ಹಾಡಿದೆ. ಕರೆಯೋಲೆಯಲ್ಲಿ ಅಚ್ಚಾಗಿದ್ದನ್ನು ಯಾರಾದರೂ ತುಂಬಿಕೊಡಬೇಕಲ್ಲ, ಹಾಡು ಬೇಕಾದವನು ನಾನೇ ಅಲ್ಲವೇ. ಬಾಳಪ್ಪ ಪಕ್ಕದಲ್ಲಿ ನಿಂತು ಧೈರ್ಯಕ್ಕೆ ಧ್ವನಿಗೂಡಿಸಿದರು, ಎರಡನೆಯ ನುಡಿಯಲ್ಲಿ ಇಬ್ಬರೂ ಬೇರೆ ಬೇರೆ ಕಡೆ ಹೋದೆವು, ಮುಖ್ಯ ಅತಿಥಿಗಳು ಮೊಬೈಲು ತೆಗೆದು ಹ್ಯಾನೋವರಿನ ರೈಲಿನ ಸಮಯ ನೋಡಿದರು. ಬಂದವರನ್ನು ಏಳಿಸುವ ನಮ್ಮಪ್ಪನ ವಿಧಾನಕ್ಕೆ ಇನ್ನೂ ಅಷ್ಟು ಶಕ್ತಿ ಇದೆ. ವೇದಿಕೆಯಿಂದ ಇಳಿದು ಬಂದಾಗ ಗಗನಾ ಮೆಟ್ಟಿಲ ಹತ್ತಿರ ನಿಂತಿದ್ದಳು. ಕಣ್ಣು ಅರ್ಧ ಮುಚ್ಚಿ, ಥೇಟ್ ಅಂಬವ್ವನ ಹಾಗೆ ತಲೆಯಾಡಿಸಿ, 'ಭಾರೀ ಛಂದ ಹಾಡಿದ್ರಿ, ಅಪ್ಪಾ' ಎಂದಳು.

ಆ ಮಾತಿನ ಬೆಲೆ ಎಷ್ಟೆಂದು ಈಗ ನಮ್ಮಿಬ್ಬರಿಗೂ ಚೆನ್ನಾಗಿ ಗೊತ್ತು. ಆದರೂ ಅದು ಕನ್ನಡದಲ್ಲಿತ್ತು, ನಾನು ಒಪ್ಪಿಕೊಂಡೆ.

ಆದ್ದರಿಂದ, ಮಾನ್ಯರೇ, ನನ್ನ ದೂರನ್ನು ಯಥಾಪ್ರಕಾರ ಉಳಿಸಿಕೊಂಡು, ತಾವು ನಮ್ಮ ಮನೆಗೆ ಯಾವುದಾದರೂ ಒಂದು ಶನಿವಾರ ಸಂಸಾರ ಸಮೇತ ಬಿಜಯಂಗೈಯಬೇಕೆಂದು ಕೋರುತ್ತೇನೆ. ಬಂದ ಕೂಡಲೇ ನೀರು ಕೊಡುತ್ತೇವೆ, ಭಜಿಯನ್ನು ಬಿಸಿಯಿರುವಾಗಲೇ ತಿನ್ನಬಹುದು. ಚಹಾಕ್ಕೆ ಮುಂಚೆ ಯಾರನ್ನೂ ಹಾಡಿಸುವುದಿಲ್ಲ. ತಮ್ಮ ಮಕ್ಕಳು ಏನಾದರೂ ನುಡಿಸುವವರಾಗಿದ್ದರೆ ಅವರನ್ನೂ ತಡೆಯುವ ಒಪ್ಪಂದ ಜಾರಿಯಲ್ಲಿದೆ.

ನಿಲುವು ಒಂದೇ ವಾಕ್ಯದಲ್ಲಿ ಹೇಳಲು ಇನ್ನೂ ಕಲಿಯುತ್ತಿರುವ,
ತಮ್ಮ ವಿಶ್ವಾಸಿ,
ಸಿದ್ದಲಿಂಗೇಶ
ಕಾರ್ಲ್ಸ್‌ರುಹೆ

ತಾಜಾ ಕಲಂ: ತಮ್ಮ ಕೈಗೆ ಬರುವ ಜರ್ಮನ್ ಪ್ರತಿಯಲ್ಲಿ ಒಂದು ಪ್ಯಾರಾ ಇರುವುದಿಲ್ಲ. ಟ್ರಾಮಿನಲ್ಲಿ ಕೂತು ನಾನು ಏನು ಬರೆದೆ ಎಂಬ ಭಾಗವನ್ನು ಅನುವಾದಕಿ ಹೊಡೆದುಹಾಕಿದ್ದಾಳೆ. ಯಾಕೆಂದು ಕೇಳಿದ್ದಕ್ಕೆ, 'ಅದು ನಮ್ಮ ಮನೀ ಮಾತು, ಟೀಚರಿಗೆ ಯಾಕ ಹೇಳ್ಬೇಕು?' ಎಂದಳು. ಬಳಗದ ವಾರ್ತಾಪತ್ರವನ್ನು ಕನ್ನಡದವರೆಲ್ಲ ಓದುತ್ತಾರಲ್ಲ ಎಂದೆ. ಅವರು ಮನೆಯವರೇ ಅಂತೆ. ಖಾಲಿ ಬಿಟ್ಟ ಆ ಜಾಗದಲ್ಲಿ ತನ್ನ ಹೊಸ ಲೇಖನವನ್ನು ಸೇರಿಸಿದ್ದಾಳೆ: 'ಶುಕ್ರವಾರ ಹೋಮ್‌ವರ್ಕ್ ಕೊಟ್ಟು ಸೋಮವಾರ ಕೇಳುವುದು ನಿಲ್ಲಬೇಕು'. ಅದನ್ನು ಬದಲಿಸುವ ಅಧಿಕಾರ ಇರುವವರು ತಾವೊಬ್ಬರೇ ಆದ್ದರಿಂದ ತಮ್ಮನ್ನೇ ಉದ್ದೇಶಿಸಿ ಬರೆದಿದ್ದಾಳೆ. ತಮ್ಮ ಪರವಾಗಿ ಹಾಕಬಹುದಾದ ಅತ್ಯಂತ ಬಲವಾದ ಆಕ್ಷೇಪವನ್ನು ನಾನೇ ಯೋಚಿಸಿ ಹೇಳಿಕೊಟ್ಟೆ. ಅದಕ್ಕೆ ಅವಳು ಕೊಟ್ಟ ಉತ್ತರವನ್ನು ಓದಿದೆ. ಭಾರೀ ಛಂದ ಬರದಾಳ.